ತಡವಾದ ಗಾಡಿ

ಭಿವಂಡಿಯ ಗೋದಾಮುಗಳಿಂದ ಬೆಂಗಳೂರಿಗೆ ಮಾಲು ಒಯ್ಯುವ ಲಾರಿಗಳ ಮೇಲೆ ನಮ್ಮ ಕಡೆಯ ಹುಡುಗರು ಅನೇಕರಿದ್ದಾರೆ. ವಾಚಕರಲ್ಲಿ ಕೆಲವರ ಮನೆಗಳಲ್ಲಿಯೂ ಒಬ್ಬ ತಮ್ಮನೋ ಅಣ್ಣನ ಮಗನೋ ಈ ಕೆಲಸದಲ್ಲಿರಬಹುದು. ನಮ್ಮಲ್ಲಿ ಇರುವವನು ನಮ್ಮಾಕೆಯ ತಮ್ಮ, ಹಾವೇರಿ ಕಡೆಯವನು. ಐದು ವರುಷ ಕ್ಲೀನರನಾಗಿದ್ದು, ಹೋದ ವರುಷ ಲೈಸನ್ಸು ಪಡೆದು ಡ್ರಾಯವರನಾದ. ಹೊಸ ಡ್ರಾಯವರನಿಗೆ ರಸ್ತೆಯ ಭಯಕ್ಕಿಂತ ಗಡಿಯಾರದ ಭಯವೇ ಹೆಚ್ಚೆಂಬುದು ಅವನ ಮೊದಲನೆಯ ಪ್ರವಾಸದಲ್ಲಿಯೇ ನಮಗೆ ತಿಳಿಯಿತು.

ಆ ದಿನ ಬೆಳಿಗ್ಗೆ ೯ ಗಂಟೆಗೆ ಅವನು ಗೋದಾಮಿನ ಬಾಗಿಲಿಗೆ ಗಾಡಿ ಹಚ್ಚಿದ. ಮುಂದೆ ಹದಿನಾಲ್ಕು ಗಾಡಿಗಳಿದ್ದವು. ಆಗಾಗ ಒಂದು ಗಾಡಿಯ ಉದ್ದದಷ್ಟು ಮುಂದೆ ಸರಿಯಬೇಕು. ಮಲಗಿದರೆ ಸರದಿ ಹೋಯಿತು. ಮಾಲು ತುಂಬಿ, ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವದರೊಳಗೆ ಸಂಜೆ ೭ ಆಯಿತು. ಆಗ ಹುಂಡೇಕಾರರ ಗುಮಾಸ್ತನ ಫೋನು ಬಂದಿತು: ನಾಡದು ಬೆಳಿಗ್ಗೆ ೬ಕ್ಕೆ ಬೆಂಗಳೂರು ಮುಟ್ಟಬೇಕು, ಇಲ್ಲವಾದರೆ ಭತ್ತೆಯಲ್ಲಿ ಮುರಿದುಕೊಳ್ಳುತ್ತೇವೆ. ಹುಡುಗ "ಹೂಂ" ಎಂದುಬಿಟ್ಟ. ಹೊಸಬರೆಲ್ಲರೂ ಹಾಗೆಯೇ ಎನ್ನುತ್ತಾರೆ.

ಖಂಡಾಳಾ ಘಾಟು ಏರಿದ, ಪುಣೆ ದಾಟಿದ, ಸಾತಾರಾ ದಾಟಿದ. ನಸುಕಿನ ೪ ಗಂಟೆಗೆ ಕರಾಡದ ಸಮೀಪ ಕಣ್ಣು ಮುಚ್ಚಿದ್ದು ಅವನಿಗೇ ತಿಳಿಯಲಿಲ್ಲ. ಎಡಗಾಲಿಗಳು ಡಾಂಬರು ಬಿಟ್ಟು ಜಲ್ಲಿಯ ಮೇಲೆ ಹರಿದಾಗ ಕ್ಲೀನರ ಹುಡುಗ ಕೂಗಿಕೊಂಡನಂತೆ. ಹೇಗೋ ಗಾಡಿ ನಿಂತಿತು. ನಮಗೆ ಫೋನು ಮಾಡಿದ.

"ಮಾಮಾ, ಗಾಡಿಗೆ ಏನೂ ಆಗಿಲ್ಲ. ಆದ್ರ ಕೈ ನಡಗಾಕತ್ತಾವ. ಮಲಕ್ಕೊಂಡ್ರ ತಡಾ ಆಗ್ತದ. ಏನ್ ಮಾಡ್ಲಿ?"

ನಾವು ಉತ್ತರ ಹುಡುಕುವಷ್ಟರಲ್ಲಿ ನಮ್ಮಾಕೆ ಫೋನು ಕಸಿದುಕೊಂಡಳು. "ಪಂಪಿನ ಬಯಲಿಗೆ ಗಾಡಿ ಹಚ್ಚು. ಕೀಲಿ ಕ್ಲೀನರನ ಕೈಯಾಗ ಕೊಟ್ಟು ಮಲಕ್ಕೋ. ಬೈಸಿಕೊಳ್ಳೂದಿದ್ರ ನಿಮ್ಮ ಮಾಮಾ ಬೈಸಿಕೋತಾರ."

ಹೀಗೆ ನಮ್ಮ ನೇಮಕವಾಯಿತು. ಬೆಳಿಗ್ಗೆ ಹುಂಡೇಕಾರರಿಗೆ ಫೋನು ಮಾಡಿದೆವು, ಬೈಸಿಕೊಂಡೆವು. ಗಾಡಿ ಒಂದು ದಿನ ತಡವಾಗಿ ಮುಟ್ಟಿತು. ೧,೨೦೦ ರೂಪಾಯಿ ಮುರಿದರು.

ಸರಕಾರಿ ಕಚೇರಿಯ ಕಾರಕೂನರಾದ ನಮಗೆ ಇಂಥ ಸಮಯದಲ್ಲಿ ಕಾಯಿದೆ ಪುಸ್ತಕ ತೆಗೆಯುವದೊಂದೇ ಗೊತ್ತು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ೮ ತಾಸು, ವಾರಕ್ಕೆ ೪೮ ತಾಸು ಎಂದು ಮಿತಿ ಹಾಕಿತ್ತು. ದೂರದ ಹಾದಿಗೆ ದಿನಕ್ಕೆ ೧೦, ವಾರಕ್ಕೆ ೫೪. ಐದು ತಾಸು ದುಡಿದವನಿಗೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕಿತ್ತು. ಆ ಕಾಯಿದೆ ೨೦೨೦ರ ಕಾರ್ಮಿಕ ಸಂಹಿತೆಯೊಂದರಲ್ಲಿ ವಿಲೀನವಾಗಿದೆ, ಸಂಹಿತೆಯು ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ದಿನಕ್ಕೆ ೮ ತಾಸೆಂಬ ಮಾತು ಅಲ್ಲಿಯೂ ಇದೆ. ಓದಿ ಸಂತೋಷವಾಯಿತು. ಆದರೆ ಕಾಯಿದೆಯ ಗುಟ್ಟು ಅದರ ವ್ಯಾಖ್ಯೆಗಳಲ್ಲಿರುವದು. ಗಾಡಿ ಓಡಿದ ಹೊತ್ತು ದುಡಿಮೆ. ಮಾಲು ತುಂಬುವ ಇಳಿಸುವ ಹೊತ್ತೂ ದುಡಿಮೆ. ಆದರೆ ನಿಲ್ದಾಣದಲ್ಲಿ ಸುಮ್ಮನೆ ಹಾಜರಿದ್ದು ಕಾಯುವದು ೧೫ ನಿಮಿಷಕ್ಕೆ ಕಡಿಮೆಯಿದ್ದರೆ ಮಾತ್ರ ದುಡಿಮೆಯಲ್ಲಿ ಸೇರುವದು. ನಮ್ಮ ಹುಡುಗ ಗೋದಾಮಿನ ಮುಂದೆ ಕಳೆದ ಹತ್ತು ತಾಸನ್ನು ಹುಂಡೇಕಾರರು ವಿಶ್ರಾಂತಿಯೆಂದೇ ಎಣಿಸಿದ್ದರು. ಅವನ ತಡವೆಲ್ಲ ಹುಟ್ಟಿದ್ದು ಅಲ್ಲಿಯೇ, ಗಾಲಿ ಉರುಳುವ ಮೊದಲು.

ಕಾಗದದ ಹಿಂಬದಿಯಲ್ಲಿ ಲೆಕ್ಕವನ್ನೂ ಹಾಕಿದೆವು. ಬೆಂಗಳೂರು ಸುಮಾರು ೯೮೦ ಕಿಲೋಮೀಟರು. ತುಂಬಿದ ಗಾಡಿ, ಘಾಟುಗಳು, ಟೋಲುಗಳು. ತಾಸಿಗೆ ಸರಾಸರಿ ೪೦ ಎಂದರೂ ೨೫ ತಾಸಿನ ಓಟ. ದಿನಕ್ಕೆ ಹತ್ತು ತಾಸಿನಂತೆ ಎರಡೂವರೆ ದಿನ. ಮಾಲಿನ ಜೊತೆಗಿರುವ ಇ-ವೇ ಬಿಲ್ಲು ೨೦೨೧ರ ಜನವರಿಯಿಂದ ೨೦೦ ಕಿಲೋಮೀಟರಿಗೆ ಒಂದು ದಿನದಂತೆ ನಡೆಯುತ್ತದೆ. ಸರಕಾರ ಐದು ದಿನ ಕೊಡುವ ಹಾದಿಗೆ ಹುಂಡೇಕಾರರು ಒಂದೂವರೆ ದಿನ ಕೊಟ್ಟಿದ್ದರು! ಆ ಅವಧಿ ತೀರುವ ಮುಂಚಿನ ೮ ತಾಸಿನಲ್ಲಿ, ಇಲ್ಲವೆ ತೀರಿದ ೮ ತಾಸಿನೊಳಗೆ, ಸಾಗಾಣಿಕೆದಾರರು ಕಾರಣ ತೋರಿಸಿ ಅದನ್ನು ಮುಂದುವರಿಸಲೂಬಹುದು. "ಕಾಗದ ಮುಗಿಯಿತು" ಎಂಬ ಹೆದರಿಕೆಗೆ ಯಾರೂ ನಿದ್ದೆ ಬಿಡಬೇಕಾಗಿಲ್ಲ. ತಡವಾದುದರ ಹೊಣೆಯನ್ನೂ ೨೦೦೭ರ ರಸ್ತೆ ಸಾಗಾಣಿಕೆ ಕಾಯಿದೆಯು ಮಾಲನ್ನು ಒಪ್ಪಿಕೊಂಡ ಸಾಗಾಣಿಕೆದಾರನ ಮೇಲೆಯೇ ಇಟ್ಟಿದೆ. ಡ್ರಾಯವರನ ಭತ್ತೆಯ ಮಾತು ಅದರಲ್ಲಿಲ್ಲ.

ಹಾಗೆಂದು ನಮ್ಮ ಹುಡುಗನ ತಪ್ಪೇ ಇಲ್ಲವೆನ್ನಲಾರೆವು. ಅವನು ಸಂಜೆ ೭ಕ್ಕೇ "ಆಗುವದಿಲ್ಲ, ಮೂರನೆಯ ದಿನ ಮುಟ್ಟುತ್ತೇನೆ" ಎಂದಿದ್ದರೆ ಬೆಂಗಳೂರಿನ ವ್ಯಾಪಾರಿ ಹಮಾಲರನ್ನು ಆ ದಿನಕ್ಕೇ ಹೇಳುತ್ತಿದ್ದ. ಮೊದಲೇ ತಿಳಿಸಿದ ತಡವನ್ನು ಪೇಟೆ ಹೇಗೋ ಸಹಿಸುವದು. ಹಮಾಲರು ಬಂದು ಕೂತ ಮೇಲೆ ತಿಳಿದ ತಡಕ್ಕೇ ಸಿಟ್ಟು. ಇದನ್ನು ಅವನಿಗೆ ಹೇಳಿದೆವು. ಗೋದಾಮಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಬಿಲ್ಟಿಯ ಮೇಲೆ ಬರೆಯಿಸಿಕೊಳ್ಳೆಂದೂ ಹೇಳಿದೆವು. ರಾತ್ರಿ ೨ರಿಂದ ೫ರವರೆಗೆ ಗಾಡಿ ನಿಲ್ಲಿಸಬೇಕೆಂದು ಅವನ ಅಕ್ಕ ಆಣೆ ಹಾಕಿಸಿದಳು. ಆ ಹೊತ್ತಿನ ನಿದ್ದೆಗೆ ಚಹಾ ಸಾಲುವದಿಲ್ಲ.

ಎರಡನೆಯ ಸಲ ಗೋದಾಮಿನ ಕಾರಕೂನ ಹೊತ್ತು ಬರೆದುಕೊಡಲು ಮೊದಲು ಒಪ್ಪಲಿಲ್ಲವಂತೆ. ನಮ್ಮ ಜಾತಿಯ ಪ್ರಾಣಿಯೇ ಅದು. ಹೊಸ ಸಹಿಯೆಂದರೆ ಬೆದರುವದು. ಹುಡುಗ ಅವನ ಮೇಜಿನ ಮುಂದೆಯೇ ನಿಂತು ಬರೆಯಿಸಿಕೊಂಡ. ಬಿಲ್ಟಿಯ ಫೋಟೋವನ್ನು, ಮುಟ್ಟುವ ದಿನದ ಸಮೇತ, ಹೊರಡುವ ಮೊದಲೇ ಹುಂಡೇಕಾರರಿಗೆ ಕಳಿಸಿದ. ಆ ಸಲ ೩೦೦ ರೂಪಾಯಿ ಮಾತ್ರ ಮುರಿದರು. ಅದು ಯಾವ ಲೆಕ್ಕದ ಮೇಲೆಂದು ಕೇಳಬೇಕೆಂದಿದ್ದೇವೆ.

ಈಗ ಅವನು ಹಾದಿಯ ಮೇಲಿದ್ದಾಗ ರಾತ್ರಿ ಗಾಡಿ ನಿಲ್ಲಿಸಿದೊಡನೆ ಒಂದು ಮಿಸ್ಡ್ ಕಾಲು ಕೊಡುತ್ತಾನೆ. ಕೆಲವು ದಿನ ಅದು ಹನ್ನೊಂದಕ್ಕೆ ಬರುವದು, ಕೆಲವು ದಿನ ಒಂದೂವರೆಗೆ. ಅಲ್ಲಿಯವರೆಗೆ ನಮ್ಮ ಅಡಿಗೆಮನೆಯ ದೀಪ ಆರುವದಿಲ್ಲ.