ನಾಲ್ಕು ಲಕೋಟೆಗಳ ಆಟ

ಬೆಂಗಳೂರಿನಲ್ಲಿ ಬಿ.ಎ. ಅಂತಿಮ ವರ್ಷದ ಅರ್ಥಶಾಸ್ತ್ರ ಓದುತ್ತಿರುವ ನನ್ನ ತಮ್ಮನ ಮಗಳು ಈಚೆಗೆ ಮನೆಗೆ ಬಂದಿದ್ದಳು. ಕೈಗಾರಿಕಾ ಅರ್ಥಶಾಸ್ತ್ರದ ಪರೀಕ್ಷೆ ಹತ್ತಿರವಾಗಿತ್ತು. ಎರಡು ಕಂಪನಿಗಳು, ತಲಾ ಎರಡು ಆಯ್ಕೆಗಳು, ನಾಲ್ಕು ಮನೆಗಳ ಒಂದು ಕೋಷ್ಟಕ. ನ್ಯಾಶ್ ಸಮತೋಲನ ಯಾವ ಮನೆಯಲ್ಲಿದೆ ಎಂಬುದನ್ನು ಅರೆನಿಮಿಷದಲ್ಲಿ ಗುರುತಿಸಿ ತೋರಿಸಿದಳು. ಅನಂತರ, ‘ದೊಡ್ಡಪ್ಪ, ಲೆಕ್ಕವೇನೋ ಬರುತ್ತದೆ. ಆದರೆ ಯಾರಾದರೂ ನಿಜವಾಗಿ ಹೀಗೆ ಆಡುತ್ತಾರೆಯೇ?’ ಎಂದು ಕೇಳಿದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಆ ಪ್ರಶ್ನೆ ಚುರುಕು ಮುಟ್ಟಿಸಿತು. ಆಟದ ಮಧ್ಯದಲ್ಲೇ ಕುಳಿತಿದ್ದೂ ಅದು ಆಟವೆಂದು ಅರಿಯದೇ ಹೋದವನು ನಾನು.

1980ರ ದಶಕದ ಆರಂಭದಲ್ಲಿ ನಾನು ಎಂ.ಎ. ಓದುವಾಗ ಪೂರ್ಣ ಪೈಪೋಟಿಗೂ ಏಕಸ್ವಾಮ್ಯಕ್ಕೂ ವಾರಗಟ್ಟಲೆ ಪಾಠ ನಡೆಯುತ್ತಿತ್ತು. ಕೆಲವೇ ಮಾರಾಟಗಾರರಿರುವ ಮಾರುಕಟ್ಟೆಗೆ ಸಿಕ್ಕಿದ್ದು ಒಂದೆರಡು ತರಗತಿ ಮಾತ್ರ. ಫ್ರಾನ್ಸಿನ ಕೂರ್ನೊ 1838ರಷ್ಟು ಹಿಂದೆಯೇ ಅಂತಹ ಮಾರುಕಟ್ಟೆಯನ್ನು ಗಣಿತದಲ್ಲಿ ವಿವರಿಸಿದ್ದ. ವಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ 1944ರಲ್ಲಿ ಆಟದ ಸಿದ್ಧಾಂತಕ್ಕೆ ಬುನಾದಿ ಹಾಕಿದ್ದರು. ನ್ಯಾಶ್ 1950ರಲ್ಲಿ ತನ್ನ ಸಮತೋಲನದ ಕಲ್ಪನೆಯನ್ನು ಮಂಡಿಸಿದ್ದ. ನಮ್ಮ ಪಾಲಿಗೆ ಇವೆಲ್ಲ ಪರೀಕ್ಷೆಗಾಗಿ ನೆನಪಿಡಬೇಕಾದ ಹೆಸರುಗಳಾಗಿದ್ದವು.

1990ರ ದಶಕದ ಮಧ್ಯಭಾಗದಲ್ಲಿ ಜಿಲ್ಲೆಯೊಂದರ ಖರೀದಿ ಸಮಿತಿಯ ಹೊಣೆ ನನ್ನ ಮೇಲಿತ್ತು. ಬಡ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ಕಂಬಳಿ, ಜಮಖಾನ ಕೊಳ್ಳಬೇಕಿತ್ತು. ಪ್ರತಿವರ್ಷವೂ ಅದೇ ನಾಲ್ವರು ಟೆಂಡರ್ ಹಾಕುತ್ತಿದ್ದರು. ಒಂದು ವರ್ಷ ಒಬ್ಬರದು ಕನಿಷ್ಠ ದರ, ಮರುವರ್ಷ ಇನ್ನೊಬ್ಬರದು. ನಾಲ್ಕೂ ದರಗಳು ಇಲಾಖೆಯ ಅಂದಾಜಿಗಿಂತ ತುಸು ಮೇಲೆಯೇ ಇರುತ್ತಿದ್ದವು. ನಾಲ್ಕು ಲಕೋಟೆ ಬಂದ ಮೇಲೆ ಪೈಪೋಟಿ ಇದ್ದೇ ಇದೆ ಎಂದು ನಂಬಿ ‘ಸ್ಪರ್ಧಾತ್ಮಕ ದರ, ಅನುಮೋದಿಸಬಹುದು’ ಎಂದು ಕಡತದಲ್ಲಿ ಷರಾ ಬರೆದೆ. ಪಾರದರ್ಶಕತೆಗಾಗಿ ಎಲ್ಲರ ದರಗಳನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಸೂಚನಾ ಫಲಕದಲ್ಲಿ ಹಾಕಿಸಿದೆ. ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಅನುದಾನ ನಿಗದಿಯಾಗಿದ್ದರಿಂದ ದರ ಹೆಚ್ಚಾದಷ್ಟೂ ಕಂಬಳಿಗಳ ಸಂಖ್ಯೆ ಕಡಿಮೆಯಾಗುತ್ತಿತ್ತು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1964ರಲ್ಲಿ ಬರೆದ ಲೇಖನವನ್ನು ನಾನು ಓದಿದ್ದು ಬಹಳ ತಡವಾಗಿ. ಬೆಲೆ ಏರಿಸಲು ಒಳಗೊಳಗೇ ಒಪ್ಪಂದ ಮಾಡಿಕೊಂಡವರಿಗೆ ದೊಡ್ಡ ಭಯ ತಮ್ಮವನೇ ಒಬ್ಬ ಗುಟ್ಟಾಗಿ ದರ ಇಳಿಸಿ ಗಿರಾಕಿಯನ್ನು ಸೆಳೆದುಕೊಳ್ಳಬಹುದೆಂಬುದು. ಸರ್ಕಾರ ಎಲ್ಲ ದರಗಳನ್ನೂ ಬಹಿರಂಗಪಡಿಸಿದಾಗ ಮಾತು ತಪ್ಪಿದವನು ಆ ಕ್ಷಣವೇ ಸಿಕ್ಕಿಬೀಳುತ್ತಾನೆ. ಮರುವರ್ಷವೂ ಅದೇ ನಾಲ್ವರು ಆಡಬೇಕಾಗಿರುವುದರಿಂದ ಶಿಕ್ಷೆಯ ಅಂಜಿಕೆ ಕೂಟವನ್ನು ಹಿಡಿದಿಡುತ್ತದೆ. ಡೆನ್ಮಾರ್ಕಿನಲ್ಲಿ 1993ರಲ್ಲಿ ಪೈಪೋಟಿ ಹೆಚ್ಚಲೆಂದು ಸ್ಪರ್ಧಾ ಪ್ರಾಧಿಕಾರವೇ ಸಿದ್ಧ ಕಾಂಕ್ರೀಟಿನ ನೈಜ ಮಾರಾಟ ದರಗಳನ್ನು ಪ್ರಕಟಿಸತೊಡಗಿತು. ಒಂದು ವರ್ಷದೊಳಗೆ ಬೆಲೆ ಶೇ 15ರಿಂದ 20ರಷ್ಟು ಏರಿತು. ನನ್ನ ಸೂಚನಾ ಫಲಕವೂ ಬಹುಶಃ ಅಂಥದೇ ಕೆಲಸ ಮಾಡಿತ್ತು.

ಹಾಗೆಂದು ದರಗಳನ್ನು ಮುಚ್ಚಿಡಬೇಕೆಂದು ನಾನು ವಾದಿಸುತ್ತಿಲ್ಲ. ಮುಚ್ಚಿಟ್ಟರೆ ಲಂಚಕ್ಕೆ ಬಾಗಿಲು ತೆರೆಯುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಸಕಾರಣವಾಗಿಯೇ ಬಂದಿದೆ. ಆದರೆ ನಿಯಮ ರೂಪಿಸುವವರು ಎದುರಿಗಿರುವವರು ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2002ರ ಸ್ಪರ್ಧಾ ಕಾಯ್ದೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಕೂಟದ ಗುಟ್ಟನ್ನು ಮೊದಲು ಬಂದು ಬಿಚ್ಚಿಟ್ಟ ಕಂಪನಿಗೆ ದಂಡದಲ್ಲಿ ಶೇ 100ರವರೆಗೂ ರಿಯಾಯಿತಿ ದೊರೆಯಬಹುದು. ವಿದ್ಯಾರ್ಥಿಗಳು ಓದುವ ‘ಕೈದಿಗಳ ಇಕ್ಕಟ್ಟು’ ಇಲ್ಲಿ ಕಾನೂನಿನ ರೂಪ ತಳೆದಿದೆ. ರೈಲ್ವೆಗೆ ಫ್ಯಾನ್ ಪೂರೈಸುವ ಟೆಂಡರುಗಳ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2017ರಲ್ಲಿ ತಪ್ಪೊಪ್ಪಿಕೊಂಡ ಕಂಪನಿಗೆ ಶೇ 75ರಷ್ಟು ದಂಡ ಕಡಿತಗೊಳಿಸಿತು. 2018ರ ಡ್ರೈಸೆಲ್ ಬ್ಯಾಟರಿ ಪ್ರಕರಣದಲ್ಲಿ ಮೊದಲು ಬಂದ ಕಂಪನಿಗೆ ಪೂರ್ತಿ ವಿನಾಯಿತಿ ಸಿಕ್ಕಿತು.

ನಮ್ಮ ಪದವಿ ತರಗತಿಗಳಲ್ಲಿ ಕೋಷ್ಟಕದ ಜೊತೆಗೆ ಆಯೋಗದ ಇಂತಹ ಆದೇಶವೊಂದನ್ನೂ ಓದಿಸಬೇಕು. ಸ್ಥಳೀಯ ಸಂಸ್ಥೆಯೊಂದರ ಹತ್ತು ವರ್ಷಗಳ ಟೆಂಡರ್ ಫಲಿತಾಂಶಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಸರದಿಯೇನಾದರೂ ಕಾಣುತ್ತಿದೆಯೇ ಎಂದು ಹುಡುಕಿಸಬೇಕು. ಬಿ.ಎ. ಮುಗಿಸುವವರಲ್ಲಿ ಬಹುತೇಕರು ಅರ್ಥಶಾಸ್ತ್ರಜ್ಞರಾಗುವುದಿಲ್ಲ. ಅವರು ಗುಮಾಸ್ತರು, ಲೆಕ್ಕಪರಿಶೋಧಕರು, ಪತ್ರಕರ್ತರು, ನಗರಸಭೆಯ ಸದಸ್ಯರು ಆಗುತ್ತಾರೆ. ಲಕೋಟೆಗಳು ತೆರೆಯುವುದು ಅವರ ಎದುರಿನಲ್ಲಿಯೇ.

ಇದನ್ನೆಲ್ಲ ಕೇಳಿದ ಹುಡುಗಿ, ‘ಆಗ ನಿಮಗೆ ಅನುಮಾನವೇ ಬರಲಿಲ್ಲವೇ?’ ಎಂದಳು. ಇಲ್ಲ ಎಂದು ಒಪ್ಪಿಕೊಂಡೆ. ಆ ನಾಲ್ವರ ನಡುವೆ ಒಳಒಪ್ಪಂದವಿತ್ತು ಎನ್ನಲು ಇಂದಿಗೂ ನನ್ನಲ್ಲಿ ಪುರಾವೆಯಿಲ್ಲ. ಆದರೆ ಹಿಂದಿನ ಮೂರು ವರ್ಷಗಳ ಕಡತಗಳನ್ನು ತರಿಸಿ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಹಾಗೆ ನೋಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ. ಅದರ ಬೆಲೆಯನ್ನು ಆ ಚಳಿಗಾಲಗಳಲ್ಲಿ ಕಂಬಳಿ ಸಿಗದ ಮಕ್ಕಳು ತೆತ್ತಿರಬಹುದು.