ಮೈಯಳತೆಗೆ ತಕ್ಕ ಸೈಕಲ್

ಹೈದರಾಬಾದಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ 2023ರ ಅಕ್ಟೋಬರ್ 1ರಂದು 23 ಕಿಲೋಮೀಟರ್ ಉದ್ದದ ಸೈಕಲ್ ಪಥವೊಂದು ಉದ್ಘಾಟನೆಯಾಯಿತು. ಅದರ ಮೇಲಿನ ಸೌರಫಲಕಗಳ ಚಾವಣಿ ನೆರಳು ಕೊಡುವುದರ ಜೊತೆಗೆ 16 ಮೆಗಾವಾಟ್ ವಿದ್ಯುತ್ತನ್ನೂ ಕೊಡುತ್ತದೆ. ನಾರ್ಸಿಂಗಿ, ಕೊಲ್ಲೂರು, ನಾನಕ್‌ರಾಮ್‌ಗುಡದ ಕಡೆಯ ಸಾಫ್ಟ್‌ವೇರ್ ಉದ್ಯೋಗಿಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಗಂಡಿಪೇಟೆ ಕೆರೆಯ ದಾರಿಯಲ್ಲಿ, ವಿಕಾರಾಬಾದಿನ ಅನಂತಗಿರಿ ಗುಡ್ಡದ ಏರಿನಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವುದನ್ನು ರೂಢಿ ಮಾಡಿಕೊಂಡಿದ್ದರು. ಹೈದರಾಬಾದ್ ರ್‍ಯಾಂಡನರ್ಸ್ ತಂಡ ನಡೆಸುವ ದೂರದ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ಹೀಗೆ ರಸ್ತೆ ಬಂತು, ಲಕ್ಷ ರೂಪಾಯಿಯ ಸೈಕಲ್ಲುಗಳೂ ಬಂದವು. ಇವೆರಡರ ನಡುವಿನ ಒಂದು ಕೆಲಸಕ್ಕೆ ಮಾತ್ರ ಇನ್ನೂ ಸಿಗಬೇಕಾದ ಗಮನ ಸಿಕ್ಕಿಲ್ಲ. ಸೈಕಲ್ಲನ್ನು ಅದನ್ನು ತುಳಿಯುವವರ ಮೈಗೆ ಹೊಂದಿಸಿಕೊಡುವ ಕೆಲಸ ಅದು. ವ್ಯಾಪಾರದಲ್ಲಿರುವವರು ಅದನ್ನು ಬೈಕ್ ಫಿಟ್ಟಿಂಗ್ ಅನ್ನುತ್ತಾರೆ. ಹೈದರಾಬಾದಿನ ದಿ ಬೈಕ್ ಅಫೇರ್, ಬೆಂಗಳೂರಿನ ಬಮ್ಸ್ ಆನ್ ದ ಸ್ಯಾಡಲ್ ತರಹದ, ಸವಾರರೇ ಕಟ್ಟಿದ ಸ್ವತಂತ್ರ ಅಂಗಡಿಗಳಿಂದ ಈ ಸೇವೆ ನಮ್ಮ ಕಡೆಯವರಿಗೆ ಪರಿಚಯವಾಯಿತು. ಚಿಕ್ಕ ಅಂಗಡಿಗಳು ಇದನ್ನು ಮಾರಾಟದ ಜೊತೆಗೆ ಕೊಡುವ ಉಡುಗೊರೆಯೆಂದು ಭಾವಿಸದೆ ತಮ್ಮ ಮುಖ್ಯ ಕಸುಬನ್ನಾಗಿ ಮಾಡಿಕೊಳ್ಳಬೇಕು, ಅದಕ್ಕೆ ಬೇರೆಯಾಗಿಯೇ ಹಣ ತೆಗೆದುಕೊಳ್ಳಬೇಕು ಎಂಬುದು ನನ್ನ ವಾದ.

ಒಳ್ಳೆಯ ಫಿಟ್ಟಿಂಗ್ ಮಾತಿನಿಂದ ಶುರುವಾಗುತ್ತದೆ. ವಾರಕ್ಕೆ ಎಷ್ಟು ದೂರ ತುಳಿಯುತ್ತೀರಿ, ಎಷ್ಟು ಹೊತ್ತಿಗೆ ನೋವು ಕಾಣಿಸುತ್ತದೆ, ಮಂಡಿಯ ಮುಂದೋ ಹಿಂದೋ, ಹಳೆಯ ಪೆಟ್ಟೇನಾದರೂ ಇದೆಯೇ ಎಂದು ಕೇಳುತ್ತಾರೆ. ಆಮೇಲೆ ಮೇಜಿನ ಮೇಲೆ ಮಲಗಿಸಿ, ಮಂಡಿ ಮಡಿಸದೆ ಕಾಲು ಎಷ್ಟು ಮೇಲೆ ಬರುತ್ತದೆ, ಸೊಂಟ ಎಷ್ಟು ಬಾಗುತ್ತದೆ ಎಂದು ನೋಡುತ್ತಾರೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕಾಲಿನ ಒಳಗಿನ ಉದ್ದ ಅಳೆಯುತ್ತಾರೆ. ಸೈಕಲ್ಲಿನ ಹಿಂದಿನ ಚಕ್ರವನ್ನು ಟ್ರೈನರ್ ಸ್ಟ್ಯಾಂಡಿಗೆ ಸಿಕ್ಕಿಸಿ, ಸವಾರರ ಹರಡು, ಮಂಡಿ, ಸೊಂಟ, ಭುಜ, ಮೊಣಕೈ, ಮಣಿಕಟ್ಟಿನ ಮೇಲೆ ಚಿಕ್ಕ ಚಿಕ್ಕ ಗುರುತು ಅಂಟಿಸಿ, ಬೆವರು ಬರುವ ತನಕ ತುಳಿಸುತ್ತಾರೆ. ಮೈ ಬಿಸಿಯಾಗುವ ಮೊದಲು ಯಾರೂ ತಮ್ಮ ನಿಜವಾದ ಭಂಗಿಯಲ್ಲಿ ಕೂರುವುದಿಲ್ಲ. ಪೆಡಲ್ ಅತ್ಯಂತ ಕೆಳಗಿರುವಾಗ ಮಂಡಿ ಎಷ್ಟು ಬಾಗಿದೆ ಎಂದು ಕೋನಮಾಪಕ ಹಿಡಿದು ನೋಡುತ್ತಾರೆ. ಸಾಮಾನ್ಯವಾಗಿ 25ರಿಂದ 35 ಡಿಗ್ರಿ ಸರಿ ಅನ್ನುತ್ತಾರೆ. ಸೀಟು 5 ಮಿಲಿಮೀಟರ್ ಏರಿಸಿ ಮತ್ತೆ ತುಳಿಸುತ್ತಾರೆ, ಹಿಂದಿನಿಂದ ನಿಂತು ಸೊಂಟ ಅತ್ತಿತ್ತ ಓಲಾಡುತ್ತಿದೆಯೇ ಎಂದು ಗಮನಿಸುತ್ತಾರೆ. ಓಲಾಡಿದರೆ ಸೀಟು ಎತ್ತರವಾಯಿತೆಂದು ಅರ್ಥ. ಸೀಟಿನ ನಂತರ ಹ್ಯಾಂಡಲ್ಲಿನ ದೂರ, ಆಮೇಲೆ ಅದರ ಎತ್ತರ. ಪೆಡಲ್ಲಿಗೆ ಸಿಕ್ಕಿಕೊಳ್ಳುವ ಬೂಟಿದ್ದರೆ ಅದರಡಿಯ ಕ್ಲೀಟಿನ ಜಾಗವನ್ನೂ ನೋಡಬೇಕು. ಎರಡು ಮೂರು ಗಂಟೆ ಹಿಡಿಯುವ ಕೆಲಸ, ಮುಖ್ಯ ಆಯುಧ ಒಂದು ಅಲೆನ್ ಕೀ.

ಇಷ್ಟೊಂದು ಸೂಕ್ಷ್ಮ ಯಾಕೆ ಎಂಬುದಕ್ಕೆ ಸಣ್ಣ ಲೆಕ್ಕವೇ ಉತ್ತರ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಗಂಟೆಗೆ ಒಂದೊಂದು ಕಾಲಿಗೂ 4,800 ಸುತ್ತು. 200 ಕಿಲೋಮೀಟರಿನ ಸವಾರಿಯಲ್ಲಿ ಹತ್ತು ಗಂಟೆ ಪೆಡಲ್ ತಿರುಗಿದರೆ 48,000. ನಡೆಯುವಾಗ ನೆಲದ ಏರಿಳಿತಕ್ಕೆ ತಕ್ಕಂತೆ ಹೆಜ್ಜೆ ಬದಲಾಗುತ್ತದೆ. ಸೈಕಲ್ಲಿನಲ್ಲಿ ಪಾದ, ಕುಂಡೆ, ಅಂಗೈ ಮೂರೂ ಒಂದೊಂದು ಜಾಗಕ್ಕೆ ಕಟ್ಟುಬಿದ್ದಿರುತ್ತವೆ. ಹಾಗಾಗಿ ಮಂಡಿ ತಪ್ಪು ಕೋನದಲ್ಲಿ ಬಾಗಿದರೆ ಅದೇ ತಪ್ಪು ಸಾವಿರ ಸಾವಿರ ಸಲ ನಡೆಯುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿಚಿಪ್ಪಿನ ಸುತ್ತ ನೋವು, ಎತ್ತರವಾಗಿದ್ದರೆ ಮಂಡಿಯ ಹಿಂದೆ ಸೆಳೆತ ಕಾಣಿಸುವುದು ಹೆಚ್ಚು. ಮೈಭಾರ ಅಂಗೈ ಮೇಲೆ ಬಿದ್ದರೆ ನರ ಒತ್ತಿಕೊಂಡು ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ವೃತ್ತಿಪರ ಸವಾರರೂ ಇದಕ್ಕೆ ಹೊರತಲ್ಲ. 2010ರಲ್ಲಿ ಪ್ರಕಟವಾದ ನಾರ್ವೆಯ ಸಂಶೋಧಕರ ಅಧ್ಯಯನವೊಂದರಲ್ಲಿ, 109 ಮಂದಿ ವೃತ್ತಿಪರ ಸವಾರರ ಪೈಕಿ ಶೇ. 58ರಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ಸೊಂಟನೋವು, ಶೇ. 36ರಷ್ಟು ಜನ ಮಂಡಿಯ ಮುಂಭಾಗದ ನೋವು ಅನುಭವಿಸಿದ್ದಾಗಿ ಹೇಳಿದ್ದರು. ಅವರಿಗೆ ತಂಡದ ವೈದ್ಯರಿದ್ದಾರೆ, ಮಾಲೀಸು ಮಾಡುವವರಿದ್ದಾರೆ. ಹೈದರಾಬಾದಿನ ಗಚ್ಚಿಬೌಲಿಯ ಕಚೇರಿಯಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡು, ತೊಡೆಯ ಹಿಂದಿನ ಸ್ನಾಯು ಬಿಗಿದುಕೊಂಡ ನಲವತ್ತರ ಆಸುಪಾಸಿನವರು ಭಾನುವಾರ ಬೆಳಿಗ್ಗೆ ರೇಸಿನವರ ಹಾಗೆ ಬಾಗಿ ನೂರು ಕಿಲೋಮೀಟರ್ ಹೊರಟರೆ ಅವರ ಸೊಂಟ ಏನನ್ನು ತಡೆದುಕೊಳ್ಳಬೇಕು?

ಸೀಟಿನ ಎತ್ತರಕ್ಕೆ ಸೂತ್ರಗಳಿಲ್ಲವೇ ಎಂದು ಕೇಳಬಹುದು. ಇವೆ. ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು 1967ರಲ್ಲೇ, ಕಾಲಿನ ಒಳಗಿನ ಉದ್ದದ ಶೇ. 109ರಷ್ಟನ್ನು ಪೆಡಲ್ಲಿನಿಂದ ಸೀಟಿನ ಎತ್ತರವಾಗಿ ಇಟ್ಟುಕೊಳ್ಳಬೇಕೆಂದು ಹೇಳಿದರು. ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಇನ್ನೊಂದು ಲೆಕ್ಕದಲ್ಲಿ ಅದೇ ಉದ್ದವನ್ನು 0.883ರಿಂದ ಗುಣಿಸಿ, ಪೆಡಲ್ಲಿನ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ಅಚ್ಚಿನ ನಡುಮಧ್ಯದಿಂದ ಅಳೆಯುತ್ತಾರೆ. 80 ಸೆಂಟಿಮೀಟರ್ ಕಾಲಿಗೆ ಮೊದಲನೆಯದು 87.2 ಸೆಂಟಿಮೀಟರ್ ಅನ್ನುತ್ತದೆ, ಎರಡನೆಯದು 70.6 ಅನ್ನುತ್ತದೆ, ಅದಕ್ಕೆ 17 ಸೆಂಟಿಮೀಟರಿನ ಕ್ರ್ಯಾಂಕ್ ಸೇರಿಸಿದರೆ 87.6. ಎರಡೂ ಹತ್ತಿರ ಹತ್ತಿರವೇ ಬರುತ್ತವೆ, ಶುರು ಮಾಡಲು ಸಾಕು. ಆದರೆ ಕಾಲಿನ ಉದ್ದ ಒಂದೇ ಇದ್ದರೂ ಒಬ್ಬರ ಪಾದ ದೊಡ್ಡದು, ಇನ್ನೊಬ್ಬರು ತುಳಿಯುವಾಗ ಹಿಮ್ಮಡಿ ಎತ್ತುತ್ತಾರೆ, ಮತ್ತೊಬ್ಬರ ಎಡಗಾಲು ಬಲಗಾಲಿನಷ್ಟು ಬಾಗುವುದಿಲ್ಲ. ಕಾಲಿನ ಉದ್ದದ ಸೂತ್ರದಂತೆ ಸೀಟಿಟ್ಟರೆ ಅನೇಕರ ಮಂಡಿ 25ರಿಂದ 35 ಡಿಗ್ರಿಯ ಮಿತಿಯೊಳಗೆ ಬರುವುದೇ ಇಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಕಣ್ಣಿಂದ ನೋಡಿ, ಬಾಯಿಂದ ಕೇಳಿ, ಮತ್ತೆ ತಿದ್ದುವ ಮನುಷ್ಯ ಬೇಕಾಗುವುದು ಇಲ್ಲೇ. ಮೊಬೈಲ್ ಆ್ಯಪ್‌ಗಳು ಕೋನ ಹೇಳುತ್ತವೆ; ಹ್ಯಾಂಡಲ್ ಹಿಡಿದವರು ಭುಜ ಬಿಗಿಹಿಡಿದದ್ದು ಅಭ್ಯಾಸದಿಂದಲೋ ಭಯದಿಂದಲೋ ಎಂದು ಹೇಳುವುದಿಲ್ಲ.

ಈ ವಿದ್ಯೆಗೆ ಗಟ್ಟಿ ವೈಜ್ಞಾನಿಕ ಬುನಾದಿಯೇ ಇಲ್ಲ ಎನ್ನುವವರಿದ್ದಾರೆ. ಅವರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಫಿಟ್ಟಿಂಗ್ ಮಾಡಿಸಿಕೊಂಡವರಿಗೆ ಮುಂದೆ ನೋವೇ ಬರುವುದಿಲ್ಲವೆಂದು ಯಾವ ಸಂಶೋಧನೆಯೂ ಖಾತರಿ ಕೊಟ್ಟಿಲ್ಲ. ಒಬ್ಬರೇ ಸವಾರರನ್ನು ಇಬ್ಬರು ಫಿಟ್ಟರುಗಳು ಬೇರೆ ಬೇರೆ ಭಂಗಿಯಲ್ಲಿ ಕೂರಿಸಬಹುದು. ಕ್ರ್ಯಾಂಕ್ ಮುಂದಕ್ಕೆ ನೆಲಕ್ಕೆ ಸಮಾಂತರವಾಗಿದ್ದಾಗ ಮಂಡಿಯಿಂದ ಇಳಿಬಿಟ್ಟ ತೂಕಗುಂಡು ಪೆಡಲ್ಲಿನ ಅಚ್ಚಿನ ನೇರಕ್ಕೆ ಬರಬೇಕೆಂಬ ಹಳೆಯ ನಿಯಮಕ್ಕೆ ಶರೀರಶಾಸ್ತ್ರದ ಆಧಾರವಿಲ್ಲವೆಂದು ಸೈಕಲ್ ತಯಾರಕ ಕೀತ್ ಬಾಂಟ್ರೇಗರ್ ಹಿಂದೆಯೇ ವಾದಿಸಿದ್ದರು. ಅಮೆರಿಕದಲ್ಲಿ 2007ರಲ್ಲಿ ಹುಟ್ಟಿದ ರೆಟ್ಯುಲ್‌ನಂಥ ಕಂಪನಿಗಳು ಅವಗೆಂಪು ಬೆಳಕಿನಿಂದ ಕೀಲುಗಳ ಚಲನೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿಯುತ್ತವೆ. ಆದರೆ ಅಳತೆ ನಿಖರವಾದ ಮಾತ್ರಕ್ಕೆ ತೀರ್ಮಾನವೂ ನಿಖರವಾಗುವುದಿಲ್ಲ, ಪರದೆಯ ಮೇಲಿನ ಬಣ್ಣದ ಗೆರೆಗಳನ್ನು ಕಂಡು ಗಿರಾಕಿ ಮರುಳಾಗುವ ಅಪಾಯವೂ ಇದೆ. ನೋವು ವಾಸಿ ಮಾಡುತ್ತೇನೆಂದು ಹೇಳುವ ಫಿಟ್ಟರನನ್ನು ನಂಬಬಾರದು. ಬೆನ್ನುಮೂಳೆಯ ತೊಂದರೆಯಿರುವವರನ್ನು ಅವನು ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕಳಿಸಬೇಕು. ಹಾಗೆಂದ ಮಾತ್ರಕ್ಕೆ ಈ ಕೆಲಸವೇ ಬೇಡವೆನ್ನುವುದು ತಪ್ಪು. ಸೀಟು ನಾಲ್ಕು ಬೆರಳು ತಗ್ಗಾಗಿದ್ದರೆ ಶಕ್ತಿ ವ್ಯರ್ಥವಾಗುತ್ತದೆ, ಮಂಡಿ ದಣಿಯುತ್ತದೆ ಎಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಜಗಳವಿರುವುದು ಕೊನೆಯ ಕೆಲವು ಮಿಲಿಮೀಟರುಗಳ ಬಗ್ಗೆ. ನಮ್ಮ ರಸ್ತೆಗಳಲ್ಲಿ ಕಾಣುವ ತಪ್ಪುಗಳು ಬಹುಪಾಲು ಸೆಂಟಿಮೀಟರುಗಳವು.

ನಮ್ಮ ಅಜ್ಜಂದಿರು ಹೀರೋ, ಅಟ್ಲಾಸ್ ಸೈಕಲ್ಲುಗಳ ಮೇಲೆ ಹಾಲಿನ ಕ್ಯಾನು, ಹೆಂಡತಿ, ಮಗು ಎಲ್ಲವನ್ನೂ ಹೇರಿಕೊಂಡು ಓಡಾಡಲಿಲ್ಲವೇ ಎನ್ನುವುದು ಇನ್ನೊಂದು ಆಕ್ಷೇಪ. ಓಡಾಡಿದರು. ಆದರೆ ಆ ಸೈಕಲ್ಲಿನ ಹ್ಯಾಂಡಲ್ ಸವಾರನ ಕಡೆಗೆ ಬಾಗಿ ಬರುತ್ತಿತ್ತು, ಬೆನ್ನು ನೆಟ್ಟಗಿರುತ್ತಿತ್ತು, ಸ್ಪ್ರಿಂಗಿನ ಅಗಲ ಸೀಟು ಗುಂಡಿಯ ಪೆಟ್ಟನ್ನು ನುಂಗುತ್ತಿತ್ತು, ಪಾದ ಪೆಡಲ್ ಮೇಲೆ ಹೇಗೆ ಬೇಕಾದರೂ ಜಾರಬಹುದಿತ್ತು. ಅದು ತಪ್ಪು ಅಳತೆಯನ್ನು ಸಹಿಸಿಕೊಳ್ಳುವ ಗಾಡಿ. ಈಗಿನ ರೋಡ್ ಬೈಕು ಹಾಗಲ್ಲ. ಅದರಲ್ಲಿ ಬೆನ್ನು ಮುಂದಕ್ಕೆ ಬಾಗುತ್ತದೆ, ಸೀಟು ಕಿರಿದು, ಬೂಟು ಪೆಡಲ್ಲಿಗೆ ಬೀಗ ಹಾಕಿದಂತೆ ಕೂರುತ್ತದೆ. ಮೇಲಾಗಿ, ಹಳೆಯ ಕಾಲದಲ್ಲಿ ಅಳತೆ ಇರಲೇ ಇಲ್ಲ ಎಂಬುದೂ ನಿಜವಲ್ಲ. 22 ಇಂಚು, 24 ಇಂಚಿನ ಫ್ರೇಮುಗಳು ಇದ್ದೇ ಇದ್ದವು, ಬಾಡಿಗೆ ಸೈಕಲ್ ಅಂಗಡಿಯವನು ಗಿರಾಕಿಯ ಎತ್ತರ ನೋಡಿ ಸ್ಪ್ಯಾನರಿನಿಂದ ಸೀಟು ಇಳಿಸಿಕೊಡುತ್ತಿದ್ದ. ಸೀಟಿಗೆ ಎಟುಕದ ಹುಡುಗರು ಒಳಪೆಡಲ್ ಹೊಡೆದು ಕಲಿತರು ಎಂಬುದು ಅವರ ಛಲವನ್ನು ಹೇಳುತ್ತದೆ, ಆ ಸೈಕಲ್ ಅವರಿಗೆ ಸರಿಹೊಂದುತ್ತಿತ್ತು ಎಂದಲ್ಲ.

ಇನ್ನು ದುಡ್ಡಿನ ಮಾತು. ಅದೇ ಕಂಪನಿಯ ಸೈಕಲ್ ಮೊಬೈಲಿನಲ್ಲಿ ಕಡಿಮೆ ಬೆಲೆಗೆ ಸಿಗುವಾಗ ಚಿಕ್ಕ ಅಂಗಡಿ ರಿಯಾಯಿತಿಯಲ್ಲಿ ಪೈಪೋಟಿ ಮಾಡಲಾರದು. ಪಾರ್ಸಲ್ಲಿನಲ್ಲಿ ಬರಲಾಗದ್ದು ಫಿಟ್ಟಿಂಗ್ ಒಂದೇ. ಆದ್ದರಿಂದಲೇ ಎಷ್ಟೋ ಅಂಗಡಿಗಳು ಸೈಕಲ್ ಕೊಂಡವರಿಗೆ ಇದು ಉಚಿತ ಎನ್ನುತ್ತವೆ. ಅದು ಸರಿಯಲ್ಲ ಎನಿಸುತ್ತದೆ. ಕಣ್ಣಿನ ಪರೀಕ್ಷೆ ಉಚಿತ ಎನ್ನುವ ಕನ್ನಡಕದಂಗಡಿ ನಿಮಗೆ ಕನ್ನಡಕ ಬೇಡವೆಂದು ಹೇಳುವುದು ಕಷ್ಟ. ಉಚಿತ ಫಿಟ್ಟಿಂಗಿನ ಕೊನೆಗೆ ಹೊಸ ಸೀಟು, ಹ್ಯಾಂಡಲ್ಲನ್ನು ಹಿಡಿದಿಡುವ ಹೊಸ ಸ್ಟೆಮ್ಮು ಮಾರಾಟವಾಗದಿದ್ದರೆ ಅಂಗಡಿಯವನ ಮೂರು ಗಂಟೆ ದಂಡವಾಗುತ್ತದೆ. ಶುಲ್ಕ ಪಡೆದವನಿಗೆ, ಇರುವ ಸೀಟನ್ನೇ ಸ್ವಲ್ಪ ಹಿಂದೆ ಸರಿಸಿದರೆ ಸಾಕು ಎಂದು ಹೇಳುವ ಸ್ವಾತಂತ್ರ್ಯವಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಳತೆ ಸೈಕಲ್ ಕೊಳ್ಳುವ ಮೊದಲೇ ಆಗಬೇಕು. ಫ್ರೇಮು ಒಂದು ಸೈಜು ದೊಡ್ಡದಾದರೆ ಸೀಟು, ಹ್ಯಾಂಡಲ್ ಎಷ್ಟು ತಿದ್ದಿದರೂ ಪೂರ್ತಿ ಸರಿಯಾಗದು. ನಿಮ್ಮ ಮೈಗೆ ಹೊಂದುವ ಸೈಜು ನಮ್ಮಲ್ಲಿಲ್ಲ, ಬೇರೆ ಕಡೆ ನೋಡಿ ಎನ್ನುವ ಧೈರ್ಯ ಮಾರಾಟದ ಮೇಲಷ್ಟೇ ಬದುಕುವ ಅಂಗಡಿಗೆ ಎಲ್ಲಿಂದ ಬರಬೇಕು? ಶುಲ್ಕ ಕೊಟ್ಟ ಗಿರಾಕಿಗೂ ಹಕ್ಕುಗಳಿವೆ. ಮೊದಲಿನ ಅಳತೆ, ನಂತರದ ಅಳತೆ ಎರಡನ್ನೂ ಬರೆದ ಹಾಳೆ ಕೈಗೆ ಬರಬೇಕು, ಬಿಚ್ಚಿದ ಭಾಗಗಳು ವಾಪಸ್ಸಾಗಬೇಕು, ಎರಡು ಮೂರು ವಾರ ತುಳಿದು ನೋಡಿದ ಮೇಲಿನ ಮರುಭೇಟಿ ಅದೇ ಶುಲ್ಕದಲ್ಲಿ ಸೇರಿರಬೇಕು.

ಕೆಲವು ಸಾವಿರ ರೂಪಾಯಿ ಖರ್ಚಾಗುವ ಇದು ಉಳ್ಳವರ ಶೋಕಿಯೇ ಎಂದರೆ, ಈಗಿರುವ ರೂಪದಲ್ಲಿ ಬಹಳಮಟ್ಟಿಗೆ ಹೌದು. ಹಾಗೆಯೇ ಉಳಿಯಬೇಕಾಗಿಲ್ಲ. ಸೈಕಲ್ಲಿನಲ್ಲೇ ಊಟ ತಲುಪಿಸುವ ಹುಡುಗರಿಗೆ, ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಮೂರು ಗಂಟೆಯ ಪರೀಕ್ಷೆಯಲ್ಲ. ಸೀಟು, ಹ್ಯಾಂಡಲ್, ಬ್ರೇಕಿನ ಹಿಡಿ ಮೂರನ್ನೂ ಅವರ ಮೈಗೆ ಸರಿಮಾಡಿಕೊಡುವ ಹತ್ತು ನಿಮಿಷದ ಕೆಲಸ ಸಾಕು, ಪಂಕ್ಚರ್ ಹಾಕುವಷ್ಟೇ ದರದಲ್ಲಿ ಯಾವ ಅಂಗಡಿಯಲ್ಲಾದರೂ ಆಗುವಂಥದ್ದು. ನಮ್ಮ ಕಡೆ ಇದರ ಅಗತ್ಯ ಎದ್ದು ಕಾಣುವುದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ. ಕರ್ನಾಟಕಕ್ಕೆ ಸಾಲುಸಾಲಾಗಿ ಸೈಕ್ಲಿಂಗ್ ಪಟುಗಳನ್ನು ಕೊಟ್ಟ ನೆಲ ಅದು. ಅಲ್ಲಿನ ಮಕ್ಕಳು ಬೆಳೆಯುವ ವಯಸ್ಸಿನವರು. ಈ ವರ್ಷ ಸರಿಯಿದ್ದ ಸೀಟಿನ ಎತ್ತರ ಮುಂದಿನ ವರ್ಷಕ್ಕೆ ತಗ್ಗು. ಹೈದರಾಬಾದಿನ ಅಂಗಡಿಗಳಲ್ಲಿ ಪಳಗಿದ ಒಬ್ಬ ಮೆಕ್ಯಾನಿಕ್ ಕಲಬುರಗಿಯಲ್ಲೋ ವಿಜಯಪುರದಲ್ಲೋ ಈ ಕೆಲಸ ಶುರುಮಾಡಲು ಅವಗೆಂಪು ಕ್ಯಾಮೆರಾ ಬೇಕಿಲ್ಲ. ಒಂದು ಟ್ರೈನರ್ ಸ್ಟ್ಯಾಂಡು, ಕೋನಮಾಪಕ, ತೂಕಗುಂಡು, ಬೇರೆ ಬೇರೆ ಉದ್ದದ ನಾಲ್ಕಾರು ಸ್ಟೆಮ್ಮು, ಅಗಲ ಬೇರೆಯಾದ ಮೂರು ಸೀಟು. ಇಷ್ಟನ್ನೂ ಕೂಡಿಸಿದರೆ ಒಂದು ಒಳ್ಳೆಯ ರೇಸಿಂಗ್ ಸೈಕಲ್ಲಿನ ಬೆಲೆಯೂ ಆಗುವುದಿಲ್ಲ.