ಅಂಡಾಣು ಫಲಿಸಲಿಲ್ಲವೇ? ಹೆಣ್ಣನ್ನು ದೂರುವ ಮೊದಲು ಇದನ್ನು ಓದಿ



ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವ ದಂಪತಿ ನಿಮ್ಮ ಬಳಗದಲ್ಲೂ ಇರಬಹುದು. ದಿನವೂ ಇಂಜೆಕ್ಷನ್ ತೆಗೆದುಕೊಂಡು, ಅಂಡಾಣುಗಳನ್ನು ಹೊರತೆಗೆಸಿ, ಮರುದಿನ ಆಸ್ಪತ್ರೆಯ ಫೋನಿಗಾಗಿ ಕಾಯುತ್ತಾರೆ. ಕೆಲವೊಮ್ಮೆ ಬರುವ ಉತ್ತರ: "ಒಂದೂ ಫರ್ಟಿಲೈಸ್ ಆಗಿಲ್ಲ." ಆಗ ಮನೆಯವರೆಲ್ಲರ ಕಣ್ಣು ಹೆಣ್ಣಿನ ಕಡೆಗೇ ತಿರುಗುತ್ತದೆ. "ಅವಳ ಮೊಟ್ಟೆಯೇ ಸರಿಯಿಲ್ಲ" ಎಂದುಬಿಡುತ್ತಾರೆ. ಅದು ನಿಜವೇ? ಅಂಡಾಣುವಿನೊಳಗೆ ಏನು ನಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ.

*ಅಂಡಾಣು ಎಚ್ಚರವಾಗುವುದು ಹೇಗೆ?*

ಬಲಿತ ಅಂಡಾಣು ತನ್ನ ಕೊನೆಯ ವಿಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತಿರುತ್ತದೆ. ವೀರ್ಯಾಣು ಒಳಸೇರಿದರಷ್ಟೇ ಸಾಲದು, "ಇನ್ನು ಮುಂದುವರಿ" ಎಂಬ ಸೂಚನೆಯೂ ಸಿಗಬೇಕು. ಆ ಸೂಚನೆ ಕೊಡುವುದು ಕ್ಯಾಲ್ಸಿಯಂ.

ಇದು ಸ್ಪಷ್ಟವಾಗಿ ಕಂಡದ್ದು ಮೆಡಾಕ ಎಂಬ ಪುಟ್ಟ ಜಪಾನಿ ಮೀನಿನ ಮೊಟ್ಟೆಯಲ್ಲಿ. 1977-78ರಲ್ಲಿ ರಿಡ್ಜ್‌ವೇ, ಗಿಲ್ಕಿ, ಜಾಫೆ ಎಂಬ ವಿಜ್ಞಾನಿಗಳು ಆ ಮೊಟ್ಟೆಯೊಳಗೆ ಜೆಲ್ಲಿ ಮೀನಿನ ಒಂದು ಪ್ರೋಟೀನ್ ಸೇರಿಸಿದರು. ಕ್ಯಾಲ್ಸಿಯಂ ತಗುಲಿದರೆ ಅದು ಬೆಳಗುತ್ತದೆ. ವೀರ್ಯಾಣು ಸೇರಿದ ಮೇಲೆ ಬೆಳಕಿನ ಅಲೆಯೊಂದು ಮೊಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿತು!

ಮೀನಿನಲ್ಲಿ ಒಂದೇ ಅಲೆ. ಇಲಿ, ಹಸು, ಮನುಷ್ಯರ ಅಂಡಾಣುವಿನಲ್ಲಿ ಇಂಥ ಅಲೆಗಳು ಬಿಟ್ಟು ಬಿಟ್ಟು ಹಲವು ಗಂಟೆ ಏಳುತ್ತವೆ. ಇವು ಮಾಡುವ ಕೆಲಸ ಎರಡು. ಹೊರಕವಚವನ್ನು ಗಟ್ಟಿ ಮಾಡಿ ಇನ್ನೊಂದು ವೀರ್ಯಾಣು ನುಗ್ಗದಂತೆ ಬಾಗಿಲು ಹಾಕುವುದು ಒಂದು. ನಿಂತಿದ್ದ ವಿಭಜನೆಯನ್ನು ಮುಗಿಸಿ ಭ್ರೂಣದ ಬೆಳವಣಿಗೆ ಶುರುಮಾಡಿಸುವುದು ಇನ್ನೊಂದು.

*ಕೀಲಿಕೈ ಯಾರ ಬಳಿ?*

ಕ್ಯಾಲ್ಸಿಯಂ ದಾಸ್ತಾನು ಅಂಡಾಣುವಿನೊಳಗೇ ಇದೆ. ಅದರ ಬೀಗ ತೆರೆಯುವ ಕೀಲಿಕೈ ಮಾತ್ರ ವೀರ್ಯಾಣುವಿನದು. ಪಿಎಲ್‌ಸಿ-ಜೀಟಾ ಎಂಬ ಆ ಪ್ರೋಟೀನನ್ನು 2002ರಲ್ಲಿ ಬ್ರಿಟನ್ನಿನ ಆಂಟನಿ ಲಾಯ್, ಕಾರ್ಲ್ ಸ್ವಾನ್ ಅವರ ತಂಡ ಗುರುತಿಸಿತು.

ಇಕ್ಸಿ ವಿಧಾನದಲ್ಲಿ ಒಂದು ವೀರ್ಯಾಣುವನ್ನು ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಬಿಡುತ್ತಾರೆ. ಆದರೂ ನೂರರಲ್ಲಿ ಒಂದರಿಂದ ಮೂರು ಸಲ ಒಂದು ಅಂಡಾಣುವೂ ಫಲಿಸುವುದಿಲ್ಲ. ವೀರ್ಯಾಣು ಒಳಗಿದೆ, ಆದರೆ ಕೀಲಿಕೈ ಇಲ್ಲದಿದ್ದರೆ ಅಂಡಾಣು ಏಳುವುದಿಲ್ಲ. ವೀರ್ಯದ ರಿಪೋರ್ಟಿನಲ್ಲಿ ಸಂಖ್ಯೆ, ಚಲನೆ ಎಲ್ಲ ಸರಿಯಿದ್ದರೂ ಈ ಕೊರತೆ ಇರಬಹುದು. ವೀರ್ಯಾಣುಗಳ ತಲೆ ಗುಂಡಗಿರುವ ಅಪರೂಪದ ಸಮಸ್ಯೆಯಲ್ಲಿ ಇದು ಹೆಚ್ಚು.

ಹಾಗೆಂದು ಈಗ ಗಂಡನನ್ನು ದೂರಬೇಕೆಂದಲ್ಲ. ಅಂಡಾಣು ಪೂರ್ತಿ ಬಲಿಯದಿರಬಹುದು, ಸೂಚನೆ ಸಿಕ್ಕರೂ ಅದು ಸ್ಪಂದಿಸದಿರಬಹುದು. ಪರೀಕ್ಷಿಸದೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

*ದಾರಿ ಇದೆಯೇ?*

ಕೆಲವರಿಗೆ ಇದೆ. ಲ್ಯಾಬಿನಲ್ಲಿ ಇಕ್ಸಿ ಮಾಡಿದ ಮೇಲೆ ಅಂಡಾಣುವನ್ನು ಕ್ಯಾಲ್ಸಿಯಂ ಅಯನೋಫೋರ್ ಎಂಬ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಆಗ ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆದರೆ ಇದು ಎಲ್ಲರಿಗೂ ಬೇಕಾದದ್ದಲ್ಲ. ಹಿಂದಿನ ಸಲ ಒಂದೂ ಫಲಿಸದವರಿಗೆ, ತೀರಾ ಕಡಿಮೆ ಫಲಿಸಿದವರಿಗೆ, ಗುಂಡುತಲೆಯ ಸಮಸ್ಯೆ ಇರುವವರಿಗೆ ಮಾತ್ರ ತಜ್ಞರು ಇದನ್ನು ಸೂಚಿಸುತ್ತಾರೆ. "ಇದನ್ನೂ ಸೇರಿಸಿಬಿಡೋಣ" ಎಂದು ಯಾರಾದರೂ ಹೆಚ್ಚುವರಿ ಬಿಲ್ ತೋರಿಸಿದರೆ, ನಮಗೆ ಏಕೆ ಬೇಕು ಎಂದು ಕೇಳಿ.

*ಇವನ್ನು ನೆನಪಿಡಿ*

✅ ಎಷ್ಟು ಅಂಡಾಣು ಸಿಕ್ಕವು, ಎಷ್ಟು ಬಲಿತಿದ್ದವು, ಎಷ್ಟು ಫಲಿಸಿದವು? ಮೂರೂ ಲೆಕ್ಕ ಬರವಣಿಗೆಯಲ್ಲಿ ಪಡೆಯಿರಿ.

✅ ವರ್ಗಾವಣೆಯಾಗಿ ಪುಣೆಯಿಂದ ಹೈದರಾಬಾದಿಗೆ ಹೋದರೂ, ಚಿಕಿತ್ಸೆಗೆ ಊರಿಗೆ ಮರಳಿದರೂ ಲ್ಯಾಬ್ ವರದಿ ಜೊತೆಗಿರಲಿ. ಅದಿಲ್ಲದಿದ್ದರೆ ಹೊಸ ವೈದ್ಯರು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

✅ 2021ರ ಕೇಂದ್ರ ಕಾನೂನಿನ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

❌ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ, ಹೆಚ್ಚು ಹಾಲು ಕುಡಿದರೆ ಅಂಡಾಣು ಫಲಿಸುತ್ತದೆ ಎಂಬ ಮಾತು ನಂಬಬೇಡಿ. ಅವು ಮೂಳೆಗೆ ಒಳ್ಳೆಯದು. ವೀರ್ಯಾಣುವಿನಲ್ಲಿಲ್ಲದ ಕೀಲಿಕೈಯನ್ನು ಅವು ತಂದುಕೊಡಲಾರವು.

ಊರಿನಿಂದ ದೂರವಿರುವ ಹೆಣ್ಣುಮಗಳಿಗೆ ಇಂಥ ಹೊತ್ತಿನಲ್ಲಿ ಅಮ್ಮನೂ ಹತ್ತಿರವಿರುವುದಿಲ್ಲ, ಅಕ್ಕನೂ ಇರುವುದಿಲ್ಲ. ಅವಳಿಗೆ ಫೋನ್ ಮಾಡಿದಾಗ "ಏನು ತಪ್ಪಾಯಿತು?" ಎನ್ನಬೇಡಿ. "ಊಟ ಆಯ್ತಾ, ಹೇಗಿದ್ದೀಯಮ್ಮ?" ಎಂದು ಕೇಳಿ.

ಅಗತ್ಯವಿರುವವರಿಗೆ ಈ ಮಾಹಿತಿ ತಲುಪಿಸಿ. ಚಿಕಿತ್ಸೆಯ ನಿರ್ಧಾರವನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಿ. 🙏